ಗೇರ್‌ಬಾಕ್ಸ್ ತಾಳ್ತದಾ?

ಸೊಕ್ಕೆಯ ನಮ್ಮ ಕಣದ ಮೂಲೆಯಲ್ಲಿ, ಬೇವಿನ ಮರದ ಕೆಳಗೆ, ಅಜ್ಜನ ಕಾಲದ ಲಾರಿ ನಿಂತಿದೆ. ಮೂತಿಯ ಮೇಲೆ ಮೂರು ಮೊನೆಯ ನಕ್ಷತ್ರ ಹೊತ್ತ ಟಾಟಾ ಮರ್ಸಿಡಿಸ್ ಬೆಂಜ್. ಟೆಲ್ಕೊ ಕಂಪನಿ 1954ರಲ್ಲಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಕೈಜೋಡಿಸಿ ಜಮ್‌ಶೆಡ್‌ಪುರದಲ್ಲಿ ಇಂಥ ಲಾರಿಗಳನ್ನು ಕಟ್ಟತೊಡಗಿತು. 1969ರಲ್ಲಿ ಆ ಒಪ್ಪಂದ ಮುಗಿಯಿತು. ನಮ್ಮದು ಅದಕ್ಕೂ ಹಿಂದಿನದು. ಜಗಳೂರು ಸೀಮೆಯ ಶೇಂಗಾ ಹೊತ್ತು ದಾವಣಗೆರೆ, ಚಿತ್ರದುರ್ಗ ಸುತ್ತಿದ ಗಾಡಿ. ಈಗ ಬಾಡಿಗೆಗೆ ಹೋಗುವುದಿಲ್ಲ.

ಹೋದ ವರ್ಷ ಅದನ್ನು ಮತ್ತೆ ಓಡಿಸುವ ಹಂಬಲ ಹುಟ್ಟಿತು. ಟರ್ಬೊ ಇರುವ ಎಂಜಿನ್ ಕೂರಿಸೋಣ, ಗೇರ್‌ಬಾಕ್ಸ್ ಮಾತ್ರ ಹಳೆಯದೇ ಇರಲಿ, ಅಪ್ಪನ ಕೈ ಅದಕ್ಕೆ ಒಗ್ಗಿದೆ ಎಂದೆ. ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಎಂಜಿನ್ ಜೋರು ಮಾಡಬೌದಪ್ಪ. ಗೇರ್‌ಬಾಕ್ಸ್ ತಾಳ್ತದಾ?"

ಎಂಜಿನ್ನಿನ ಬಲ ಚಕ್ರ ಮುಟ್ಟುವುದು ಕ್ಲಚ್ಚು, ಗೇರ್‌ಬಾಕ್ಸು ದಾಟಿದ ಮೇಲೆಯೇ. ಮೊದಲ ಗೇರಿನಲ್ಲಿ ಅದು ಹಲವು ಪಟ್ಟು ಹೆಚ್ಚುತ್ತದೆ. ಎಂಜಿನ್ ಒಂದೂವರೆ ಪಟ್ಟು ಎಳೆದರೆ ಗೇರಿನ ಹಲ್ಲುಗಳ ಮೇಲೂ ಒಂದೂವರೆ ಪಟ್ಟು ಹೊರೆ. ಏರು ಹತ್ತುವಾಗ ಮುರಿಯುವುದು ಬಲ ಕೊಟ್ಟ ಎಂಜಿನ್ ಅಲ್ಲ, ಅದನ್ನು ತಾಳಬೇಕಾದ ಹಲ್ಲು.

ಆ ಮಾತು ನನಗೆ ಬೇರೆ ಕಡೆ ತಾಗಿತು. ಅಮ್ಮ ಹೋದ ಮೇಲೆ ಅಪ್ಪನನ್ನು ಬೆಂಗಳೂರಿಗೆ ಕರೆದೊಯ್ದು ಮೂರು ತಿಂಗಳು ಇಟ್ಟುಕೊಂಡಿದ್ದೆ. ಬೇರೆ ಕೋಣೆ, ಟಿ.ವಿ., ಹೊತ್ತಿಗೆ ಸರಿಯಾಗಿ ಮಾತ್ರೆ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಅವರು ಮಾತೇ ಬಿಟ್ಟರು. ನಾನು ಕೊಟ್ಟದ್ದು ನನ್ನ ಕೈಲಾದಷ್ಟು. ಅವರಿಗೆ ಎಷ್ಟು ತಾಳುತ್ತದೆ ಎಂದು ನೋಡಿರಲಿಲ್ಲ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೇ? ಹಳೆಯ ಬೈಕು, ಕಾರುಗಳಿಗೆ 2021ರಲ್ಲಿ ಬಂದ ಕೇಂದ್ರದ ನಿಯಮದಲ್ಲಿ, ವಿಂಟೇಜ್ ಎನಿಸಿಕೊಳ್ಳಲು ಗಾಡಿ 50 ವರ್ಷ ದಾಟಿರಬೇಕು, ಮೂಲರೂಪದಲ್ಲೇ ಇರಬೇಕು. ಆದರೆ ಮುಟ್ಟದೆ ಬಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತದೆ, ಅದೂ ಗೌರವವಲ್ಲ. ನಾವು ಹಳೆಯ ಎಂಜಿನ್ನಿಗೇ ಹೊಸ ಲೈನರ್, ಪಿಸ್ಟನ್ ರಿಂಗ್ ಹಾಕಿಸಿದೆವು. ಡೀಸೆಲ್ ಪಂಪು, ನಾಝಲ್ ಸರಿಮಾಡಿಸಿ, ರೇಡಿಯೇಟರ್ ಬದಲಿಸಿದೆವು. ಕಳೆದುಹೋಗಿದ್ದ ಬಲ ಮರಳಿತು, ಮೇಲೊಂದಿಷ್ಟು ಸೇರಿತು.

ಇಷ್ಟಕ್ಕೇ ನಿಲ್ಲಿಸಿದರೆ ಈ ನೀತಿ ಅಪಾಯದ್ದು. "ನಿನಗೆ ಇಷ್ಟೇ ತಾಳುವುದು" ಎಂದು ಬಡವರ ಮಕ್ಕಳನ್ನು, ಹೆಣ್ಣುಮಕ್ಕಳನ್ನು ಶಾಲೆ ಬಿಡಿಸಿದವರ ಕೈಯಲ್ಲೂ ಇದೇ ಅಳತೆಗೋಲು ಇತ್ತು. ಆದರೆ ಗೇರ್‌ಬಾಕ್ಸ್ ಬೆಳೆಯುವುದಿಲ್ಲ, ಬಾಯಿ ಬಿಟ್ಟು ಹೇಳುವುದೂ ಇಲ್ಲ. ಮನುಷ್ಯ ಬೆಳೆಯುತ್ತಾನೆ, ಕೇಳಿದರೆ ಹೇಳುತ್ತಾನೆ. ಮೇಸ್ತ್ರಿಗೆ ಅಂದಾಜು ಮಾಡದೆ ದಾರಿಯಿರಲಿಲ್ಲ. ನನಗಿತ್ತು, ನಾನು ಅಪ್ಪನನ್ನು ಕೇಳಲಿಲ್ಲ.

ಲಾರಿ ಸಿದ್ಧವಾದ ದಿನ ಅಪ್ಪ ಹತ್ತಿ ಕೂತರು. ಎರಡು ಸಲ ಕ್ಲಚ್ ಒತ್ತಿ, ಸದ್ದಿಲ್ಲದೆ ಗೇರ್ ಬದಲಿಸಿದರು. ಪಕ್ಕದಲ್ಲಿ ಕ್ಲೀನರಿನ ಜಾಗದಲ್ಲಿ ಕೂತು ಕೇಳಿದೆ, "ಎಲ್ಲಿಗೆ ಹೋಗೋಣಪ್ಪ?"

ಅವರು ಜಗಳೂರಿನ ದಾರಿ ಹಿಡಿಯಲಿಲ್ಲ. ಹೊಲದ ಕಡೆ ತಿರುಗಿಸಿದರು.