ಮನೆ ನನ್ನದು, ಇಷ್ಟ ನನ್ನದು

‘ಮನೆ ನನ್ನದು. ಅದನ್ನು ಯಾರಿಗೆ ಬಾಡಿಗೆಗೆ ಕೊಡಬೇಕು, ಯಾರಿಗೆ ಕೊಡಬಾರದು ಎನ್ನುವುದು ನನಗೆ ಬಿಟ್ಟ ವಿಚಾರ. ಇದರಲ್ಲಿ ನ್ಯಾಯ ಅನ್ಯಾಯದ ಪ್ರಶ್ನೆ ಎಲ್ಲಿಂದ ಬಂತು?’

ಬೆಂಗಳೂರಿನಲ್ಲಿ ಮುಸ್ಲಿಮರಿಗೆ ಬಾಡಿಗೆ ಮನೆ ಸಿಗುವುದಿಲ್ಲ ಎಂಬ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆಯನ್ನು ಎತ್ತಿಯೇ ಎತ್ತುತ್ತಾರೆ. ಕೇಳುವವರೆಲ್ಲ ಕೆಟ್ಟವರೇನಲ್ಲ. ಈದ್ ದಿನ ನಮ್ಮ ಮನೆಗೆ ಬಂದು ಶೀರ್ ಖುರ್ಮಾ ಕುಡಿದು ಹೋಗುವ ಸ್ನೇಹಿತರೂ ಅವರಲ್ಲಿದ್ದಾರೆ. ಈ ಮಾತನ್ನು ಕೋಮುವಾದ ಎಂಬ ಒಂದೇ ಪದದಿಂದ ತಳ್ಳಿಹಾಕುವುದು ಸುಲಭ. ಆದರೆ ಹಾಗೆ ತಳ್ಳಿಹಾಕಿದರೆ ಪ್ರಶ್ನೆ ಇದ್ದಲ್ಲಿಯೇ ಉಳಿಯುತ್ತದೆ. ಸ್ವಂತ ಮನೆಯೊಳಗೆ ಯಾರನ್ನು ಬಿಟ್ಟುಕೊಳ್ಳಬೇಕೆಂದು ತೀರ್ಮಾನಿಸುವ ಹಕ್ಕು ಮನುಷ್ಯನಿಗೆ ಇಲ್ಲವೇ? ಇದ್ದರೆ ಅದರ ಮೇರೆ ಯಾವುದು?

ರಾಜಾಜಿನಗರ, ಬಸವೇಶ್ವರನಗರ, ವಿಜಯನಗರದ ಅಡ್ಡರಸ್ತೆಗಳಲ್ಲಿ ಗೇಟಿಗೆ ತೂಗುಹಾಕಿದ ‘ಟು-ಲೆಟ್’ ಬೋರ್ಡುಗಳನ್ನು ನೋಡುತ್ತಾ ಅಲೆದವರಿಗೆ ಮುಂದಿನದೆಲ್ಲ ಬಾಯಿಪಾಠ. ಫೋನು ಮಾಡಿದರೆ ಮನೆ ಖಾಲಿ ಇರುತ್ತದೆ. ಎಷ್ಟು ಜನ, ಏನು ಕೆಲಸ ಎಂಬ ವಿಚಾರಣೆಯೂ ಸೌಜನ್ಯದಿಂದಲೇ ಸಾಗುತ್ತದೆ. ಹೆಸರು ಹೇಳಿದ ಮೇಲೆ ಆ ಕಡೆ ಒಂದು ಕ್ಷಣ ಮೌನ. ಅನಂತರ, ‘ನಮ್ಮ ಯಜಮಾನರನ್ನು ಕೇಳಿ ಹೇಳ್ತೀವಿ’, ‘ನಿನ್ನೆ ತಾನೇ ಒಬ್ಬರು ಅಡ್ವಾನ್ಸ್ ಕೊಟ್ಟು ಹೋದರು’, ‘ನಾವು ವೆಜಿಟೇರಿಯನ್ಸ್‌ಗೆ ಮಾತ್ರ ಕೊಡೋದು’. ಬೋರ್ಡು ಮಾತ್ರ ಮುಂದಿನ ವಾರವೂ ಅಲ್ಲೇ ತೂಗುತ್ತಿರುತ್ತದೆ. ಹೆಸರಿನಿಂದ ಜಾತಿ ತಿಳಿಯದವರಿಗೆ ಇನ್ನೊಂದು ಜರಡಿ ಇದೆ: ‘ನಿಮ್ಮದು ಯಾವ ಕಡೆ? ಮನೆದೇವರು ಯಾವುದು?’ ಭಕ್ತಿಯಿಂದ ಕೇಳಿದಂತೆ ಕಾಣುವ ಈ ಪ್ರಶ್ನೆಯ ಅರ್ಥ ಪ್ರತಿಯೊಬ್ಬ ದಲಿತ ಬಾಡಿಗೆದಾರನಿಗೂ ಗೊತ್ತು. ಗಂಡನಿಂದ ದೂರವಾದ ಹೆಂಗಸು, ಮದುವೆಯಾಗದ ಹುಡುಗರು, ಈಶಾನ್ಯ ರಾಜ್ಯಗಳಿಂದ ಬಂದವರು ಇವರೆಲ್ಲರದೂ ಹೆಚ್ಚುಕಡಿಮೆ ಇದೇ ಕಥೆ. ಬಂದವನನ್ನು ಯಾರ ಮಗನೆಂದು ಕೇಳದೆ ತನ್ನವನೆಂದುಕೊಳ್ಳಲು ಕಲಿಸಿದ ಹನ್ನೆರಡನೇ ಶತಮಾನದ ಶರಣನ ಹೆಸರು ಹೊತ್ತ ನಗರದಲ್ಲಿಯೇ ಈ ವಿಚಾರಣೆ ನಡೆಯುತ್ತದೆ ಎನ್ನುವುದನ್ನು ಹೇಳದೆ ಇರಲಾಗುವುದಿಲ್ಲ.

ಮಾಲೀಕರ ಪಾಡನ್ನೂ ನೋಡೋಣ. ಈ ಭಾಗದ ಮನೆಗಳಲ್ಲಿ ಬಹಳಷ್ಟು ಇಪ್ಪತ್ತು-ಮೂವತ್ತು ಅಥವಾ ಮೂವತ್ತು-ನಲವತ್ತು ಅಡಿಯ ನಿವೇಶನದಲ್ಲಿ ಎದ್ದವು. ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು. ಮೆಟ್ಟಿಲು ಒಂದೇ, ಸಂಪು ಒಂದೇ, ನೀರಿನ ಮೋಟಾರು ಒಂದೇ. ನಿವೃತ್ತಿಯ ಹಣವನ್ನೆಲ್ಲ ಸುರಿದು ಮೇಲಂತಸ್ತು ಕಟ್ಟಿಸಿ, ಆ ಬಾಡಿಗೆಯಿಂದಲೇ ಔಷಧಿಯ ಖರ್ಚು ತೂಗಿಸುವ ವಯಸ್ಸಾದ ವಿಧವೆಯರಿದ್ದಾರೆ. ಮೇಲಿನವರ ಒಗ್ಗರಣೆಯ ವಾಸನೆ ಅವರ ದೇವರ ಕೋಣೆಗೆ ಬರುತ್ತದೆ. ಬಾಡಿಗೆಯವರು ಬಿಟ್ಟುಹೋಗದಿದ್ದರೆ ಏನು ಗತಿ ಎಂಬ ಭಯವೂ ಸುಳ್ಳಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ಕಾಲದಲ್ಲಿ ಮನೆ ಖಾಲಿ ಮಾಡಿಸಲು ವರ್ಷಗಟ್ಟಲೆ ಕೋರ್ಟಿಗೆ ಅಲೆದವರ ಕಥೆಗಳು ಇಂದಿಗೂ ಮಾಲೀಕರ ನಡುವೆ ಓಡಾಡುತ್ತಿವೆ. ಇಂಥ ತಾಯಿಯೊಬ್ಬರಿಗೆ ‘ನೀವು ಸಂವಿಧಾನ ವಿರೋಧಿ’ ಎಂದು ಉಪದೇಶ ಮಾಡಲು ನಮಗೆ ಬಾಯಿ ಬರುವುದಿಲ್ಲ.

ಅಮೆರಿಕದವರು ಇದೇ ಪ್ರಶ್ನೆಯನ್ನು 1960ರ ದಶಕದಲ್ಲಿ ಚರ್ಚಿಸಿದರು. ಕರಿಯರಿಗೆ ಸೇವೆ ನಿರಾಕರಿಸುವುದನ್ನು ನಿಷೇಧಿಸುವ ಮಾತು ಬಂದಾಗ, ತನ್ನ ಚಿಕ್ಕ ಮನೆಯ ಒಂದೆರಡು ಕೋಣೆಗಳನ್ನು ಬಾಡಿಗೆಗೆ ಕೊಟ್ಟು ಬದುಕುವ ‘ಶ್ರೀಮತಿ ಮರ್ಫಿ’ ಎಂಬ ಕಾಲ್ಪನಿಕ ವಿಧವೆಯನ್ನು ರಾಜಕಾರಣಿಗಳು ಮುಂದೆ ತಂದು ನಿಲ್ಲಿಸಿದರು. ಆಕೆಯನ್ನೂ ಒತ್ತಾಯಿಸುವಿರಾ ಎಂದು ಕೇಳಿದರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಅಲ್ಲಿ ವಸತಿ ತಾರತಮ್ಯವನ್ನು ನಿಷೇಧಿಸುವ ಕಾಯ್ದೆ ಜಾರಿಗೆ ಬಂದಾಗ ಅದರಲ್ಲಿ ಶ್ರೀಮತಿ ಮರ್ಫಿಗೂ ಜಾಗ ಸಿಕ್ಕಿತು. ನಾಲ್ಕು ಕುಟುಂಬಗಳಿಗಿಂತ ಹೆಚ್ಚು ವಾಸಿಸಲಾಗದ ಕಟ್ಟಡದಲ್ಲಿ ಮಾಲೀಕರೂ ವಾಸವಿದ್ದರೆ ಅವರಿಗೆ ಆ ಕಾಯ್ದೆಯ ಮುಖ್ಯ ನಿಷೇಧದಿಂದ ವಿನಾಯಿತಿ. ಆದರೆ ಒಂದು ಷರತ್ತು: ವಿನಾಯಿತಿ ಪಡೆದವರು ಕೂಡ ‘ಇಂಥವರಿಗೆ ಕೊಡುವುದಿಲ್ಲ’ ಎಂದು ಜಾಹೀರಾತು ಹಾಕುವಂತಿಲ್ಲ.

ಈ ವಿನಾಯಿತಿಯಲ್ಲಿ ಒಂದು ವಿವೇಕವಿದೆ. ಒಂದೇ ಮೆಟ್ಟಿಲನ್ನು ಹಂಚಿಕೊಂಡು ಬದುಕಬೇಕಾದವರ ಹಿಂಜರಿಕೆಗೂ ವ್ಯಾಪಾರಕ್ಕೂ ಅದು ಗೆರೆ ಎಳೆಯುತ್ತದೆ. ಆದರೆ ನಮ್ಮಲ್ಲಿ ‘ಮನೆ ನನ್ನದು’ ಎಂಬ ಮಾತನ್ನು ಆಡುವವರೆಲ್ಲ ಶ್ರೀಮತಿ ಮರ್ಫಿಯರೇ? ಎರಡು ಬೀದಿಯಾಚೆ ನಾಲ್ಕಂತಸ್ತಿನ ಕಟ್ಟಡ ಕಟ್ಟಿ ಎಂಟು ಮನೆ ಮಾಡಿ, ತಾವು ಬೇರೆಡೆ ಇದ್ದುಕೊಂಡು ತಿಂಗಳಿಗೊಮ್ಮೆ ಬಾಡಿಗೆ ಎಣಿಸುವವರ ದೇವರ ಕೋಣೆಗೆ ಯಾವ ಒಗ್ಗರಣೆಯ ವಾಸನೆಯೂ ಹೋಗುವುದಿಲ್ಲ. 2021ರಲ್ಲಿ ಮೆಟ್ರೊ ತಲುಪಿದ ಕೆಂಗೇರಿ ಕಡೆ ಅಪಾರ್ಟ್‌ಮೆಂಟುಗಳಿಗೆ ಕೊರತೆಯಿಲ್ಲ. ಇಂಥ ಕಟ್ಟಡದಲ್ಲಿ ಫ್ಲಾಟಿನ ಮಾಲೀಕರು ಒಪ್ಪಿದರೂ ‘ಅಸೋಸಿಯೇಷನ್‌ನವರು ಒಪ್ಪಲ್ಲ’ ಎಂಬ ಉತ್ತರ ಬಂದರೆ, ನಿರಾಕರಿಸಿದ್ದು ಯಾರು ಎಂದು ಬೆರಳು ತೋರಿಸಲೂ ಆಗುವುದಿಲ್ಲ. ಅಲ್ಲಿ ಮನೆ ಎಂದರೆ ವರಮಾನದ ಸರಕು.

ಸರಕು ಎಂದಮೇಲೆ ಅಂಗಡಿಯ ಪ್ರಶ್ನೆ ಬರುತ್ತದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆಗಳಿಗೆ ಧರ್ಮ ಜಾತಿಗಳ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಸಂವಿಧಾನದ 15ನೇ ವಿಧಿ ಹೇಳುತ್ತದೆ. ಮನೆ ಆ ಪಟ್ಟಿಯಲ್ಲಿಲ್ಲ. ಆದರೆ 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ವಿಧಿಯ ಚರ್ಚೆಯಾದಾಗ ‘ಅಂಗಡಿ’ ಎಂದರೇನು ಎಂಬ ಪ್ರಶ್ನೆ ಎದ್ದಿತ್ತು. ಅದನ್ನು ವಿಶಾಲ ಅರ್ಥದಲ್ಲಿ ಬಳಸಲಾಗಿದೆ, ಸೇವೆ ನೀಡಲು ಸಿದ್ಧನೆಂದು ಹೇಳಿಕೊಂಡ ಯಾರೇ ಆದರೂ ಅದರಲ್ಲಿ ಸೇರುತ್ತಾರೆ ಎಂಬರ್ಥದ ಉತ್ತರವನ್ನು ಅಂಬೇಡ್ಕರ್ ಕೊಟ್ಟರು. ಕ್ಷೌರಿಕನನ್ನೂ ಬಟ್ಟೆ ಒಗೆಯುವವನನ್ನೂ ಉದಾಹರಿಸಿದರು. ಗೇಟಿಗೆ ಬೋರ್ಡು ತೂಗುಹಾಕಿ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆಯುವ ಮನೆಗೂ ಕ್ಷೌರದಂಗಡಿಗೂ ಈ ದೃಷ್ಟಿಯಿಂದ ಎಷ್ಟು ಅಂತರವಿದೆ? ಬೋರ್ಡು ತೂಗಿದ ಗಳಿಗೆಯಲ್ಲಿ ಅದು ‘ನನ್ನ ಮನೆ’ಯಾಗಿ ಉಳಿಯುವುದಿಲ್ಲ, ಪೇಟೆಗೆ ಬಂದ ವಸ್ತುವಾಗುತ್ತದೆ ಎಂದೇ ನಾವು ಭಾವಿಸುತ್ತೇವೆ. ಅಂದಹಾಗೆ, ಆ ಮನೆ ನಿಂತಿರುವ ನೆಲದ ಕಥೆಯೂ ಇದೆ. ಕೇತಮಾರನಹಳ್ಳಿ, ಸಾಣೆಗೊರವನಹಳ್ಳಿ, ಹೊಸಹಳ್ಳಿ, ಅತ್ತಿಗುಪ್ಪೆ ಎಂಬವು ಹಿಂದೆ ಊರುಗಳಾಗಿದ್ದವು. 1945ರಲ್ಲಿ ಹುಟ್ಟಿದ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡಾಗಲಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬಿ.ಡಿ.ಎ. ಆಗಲಿ, ಬಡಾವಣೆ ಮಾಡಿದ್ದು ಸಾರ್ವಜನಿಕ ಉದ್ದೇಶದ ಹೆಸರಿನಲ್ಲಿ ರೈತರ ಹೊಲಗಳನ್ನು ವಶಪಡಿಸಿಕೊಂಡು. ಸಾರ್ವಜನಿಕರ ಹೆಸರಿನಲ್ಲಿ ಸಿಕ್ಕ ನಿವೇಶನದ ಮೇಲೆ ಎದ್ದ ಕಟ್ಟಡ, ಸಾರ್ವಜನಿಕರಲ್ಲಿ ಒಂದು ಭಾಗಕ್ಕೆ ಬಾಗಿಲು ಮುಚ್ಚುವುದು ವಿಚಿತ್ರವಲ್ಲವೇ?

ಕಾನೂನು ಮಾತ್ರ ಇಷ್ಟು ದೂರ ಬಂದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಪ್ರದೇಶದಲ್ಲಿ ವಾಸಿಸದಂತೆ ತಡೆಯುವುದು 1955ರ ಕಾಯ್ದೆಯ ಪ್ರಕಾರ ಅಪರಾಧ. ಧರ್ಮದ ಕಾರಣಕ್ಕೆ ಬಾಡಿಗೆ ಮನೆ ನಿರಾಕರಿಸಿದ ಖಾಸಗಿ ಮಾಲೀಕನ ಬಗ್ಗೆ ಅಂಥ ನೇರ ಕಾನೂನಿಲ್ಲ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ಬಾಡಿಗೆಯ ಬಗ್ಗೆ, ಒಕ್ಕಲೆಬ್ಬಿಸುವ ಬಗ್ಗೆ ಹೇಳುತ್ತದೆಯೇ ಹೊರತು ಯಾರಿಗೆ ನಿರಾಕರಿಸಬಾರದೆಂದು ಹೇಳುವುದಿಲ್ಲ. ಕೇಂದ್ರದ 2021ರ ಮಾದರಿ ಕಾಯ್ದೆ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿತು, ಈ ವಿಷಯ ಮುಟ್ಟಲಿಲ್ಲ. 2005ರಲ್ಲಿ ಸುಪ್ರೀಂ ಕೋರ್ಟು, ಪಾರ್ಸಿಗಳಿಗಷ್ಟೇ ಸದಸ್ಯತ್ವ ಎಂಬ ಅಹಮದಾಬಾದಿನ ಗೃಹ ಸಹಕಾರ ಸಂಘವೊಂದರ ನಿಯಮವನ್ನು ಎತ್ತಿಹಿಡಿಯಿತು.

ನಮ್ಮನ್ನು ಹೆಚ್ಚು ಕಾಡುವುದು ಸುಳ್ಳಿನ ವಿಚಾರ. ಹಕ್ಕು ನನ್ನದೇ ಎಂದು ಅಷ್ಟು ಖಚಿತವಾಗಿ ನಂಬಿದವರು ‘ನಿನ್ನೆ ತಾನೇ ಕೊಟ್ಟುಬಿಟ್ಟೆವು’ ಎಂದು ಯಾಕೆ ಹೇಳುತ್ತಾರೆ? ಎದುರಿಗೆ ನಿಂತವನ ಮುಖ ನೋಡಿ ‘ನೀವು ಮುಸ್ಲಿಮರು, ಅದಕ್ಕೇ ಕೊಡುವುದಿಲ್ಲ’ ಎನ್ನಲು ಅವರಿಗೆ ನಾಲಗೆ ಏಳುವುದಿಲ್ಲ. ಮನಸ್ಸಿನೊಳಗೆ ಎಲ್ಲೋ ಇದು ತಪ್ಪೆಂದು ಗೊತ್ತಿದೆ. ಇದರಲ್ಲಿ ಒಂದು ಭರವಸೆಯನ್ನು ನಾವು ಕಾಣುತ್ತೇವೆ. ಆದರೆ ಸುಳ್ಳಿಗೆ ಇನ್ನೊಂದು ಮುಖವೂ ಉಂಟು. ನಿಜವಾಗಿಯೂ ನಿನ್ನೆಯೇ ಅಡ್ವಾನ್ಸ್ ಪಡೆದ ಪ್ರಾಮಾಣಿಕ ಮಾಲೀಕರನ್ನೂ ಬಾಡಿಗೆದಾರ ಸಂಶಯದಿಂದ ನೋಡತೊಡಗುತ್ತಾನೆ. ಯಾರು ತನ್ನನ್ನು ದೂರವಿಟ್ಟರು, ಯಾರು ಇಡಲಿಲ್ಲ ಎಂದು ತಿಳಿಯುವ ದಾರಿಯೇ ಅವನಿಗೆ ಇರುವುದಿಲ್ಲ. ಹತ್ತು ಗೇಟುಗಳಿಂದ ಹಿಂದಿರುಗಿದವನಿಗೆ ಹನ್ನೊಂದನೆಯ ಗೇಟಿನ ನಗುವೂ ನಟನೆಯಾಗಿ ಕಾಣುತ್ತದೆ.

ಹಾಗಾದರೆ ಹುಡುಕುವವನು ಸುಳ್ಳು ಹೇಳಬಹುದೇ? ಹೆಸರು ಮರೆಸಬಹುದೇ? 1917ರಲ್ಲಿ ವಿದೇಶದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಅಂಬೇಡ್ಕರ್ ಅವರಿಗೆ ಇಡೀ ಊರಿನಲ್ಲಿ ತಂಗಲು ಜಾಗವಿರಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರಿನಿಂದ ಉಳಿದರು. ಹನ್ನೊಂದನೆಯ ದಿನ ಬೆತ್ತ ಹಿಡಿದು ಬಂದ ಗುಂಪು ಅವರನ್ನು ಹೊರದಬ್ಬಿತು. ಒಬ್ಬ ಹಿಂದೂ ಸ್ನೇಹಿತರು, ಒಬ್ಬ ಕ್ರೈಸ್ತ ಸ್ನೇಹಿತರು ಇಬ್ಬರೂ ನಯವಾಗಿ ನೆಪ ಹೇಳಿದರು. ಮುಂಬೈ ರೈಲು ಬರುವವರೆಗೆ ಅವರು ಸಾರ್ವಜನಿಕ ಉದ್ಯಾನದಲ್ಲಿ ಕುಳಿತಿರಬೇಕಾಯಿತು. ಆ ಹೆಸರು ಮರೆಸಿದ್ದನ್ನು ಮೋಸವೆಂದು ಕರೆಯಲು ನಮ್ಮಿಂದಾಗದು. ಆದರೂ ಇಂದು ಹೆಸರು ಮರೆಸಿ ಮನೆ ಪಡೆದವನ ಮಕ್ಕಳು ಈದ್ ದಿನ ಹೊಸ ಬಟ್ಟೆ ಹಾಕಿಕೊಂಡು ಮೆಟ್ಟಿಲಿಳಿಯಲು ಅಂಜಬೇಕು ಎನ್ನುವುದಾದರೆ ಅದೊಂದು ಮನೆಯೇ? ಹೆಸರು ಹೇಳಿಯೇ ಕೇಳುವುದು ಕಷ್ಟದ ದಾರಿ. ನಾವು ಅದನ್ನೇ ಆರಿಸುತ್ತೇವೆ, ಇನ್ನೊಂದನ್ನು ಆರಿಸಿದವರನ್ನು ದೂರುವುದಿಲ್ಲ.

ನಿರಾಕರಿಸುವವರು ತಾವು ಒಬ್ಬರಿಗಷ್ಟೇ ಇಲ್ಲವೆಂದೆವು, ಊರಲ್ಲಿ ಬೇರೆ ಮನೆಗಳಿಲ್ಲವೇ ಎನ್ನುತ್ತಾರೆ. ಪಕ್ಕದ ಬೀದಿಯವರೂ ಹಾಗೆಯೇ ಅಂದುಕೊಂಡಿರುತ್ತಾರೆ. ದೆಹಲಿ ಮತ್ತು ಸುತ್ತಲಿನ ನಗರಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸಂಶೋಧಕರು ಬೇರೆ ಬೇರೆ ಹೆಸರುಗಳಲ್ಲಿ ಮನೆ ಕೇಳಿ ಫೋನು ಮಾಡಿದರು. ಮೇಲ್ಜಾತಿಯ ಹೆಸರಿಗೆ ನಿರಾಕರಣೆಯೇ ಬರಲಿಲ್ಲ, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಕರೆಗೆ ಸ್ಪಷ್ಟವಾಗಿ ಇಲ್ಲವೆಂಬ ಉತ್ತರ ಬಂತು. ಸಾಚಾರ್ ಸಮಿತಿ 2006ರಲ್ಲಿಯೇ ಇದರ ಪರಿಣಾಮವನ್ನು ದಾಖಲಿಸಿತ್ತು. ಹೀಗೆ ತಿರುಗಿ ಬಂದವರು ಪಾದರಾಯನಪುರಕ್ಕೆ, ಗೋರಿಪಾಳ್ಯಕ್ಕೆ, ಜೆ.ಜೆ. ನಗರಕ್ಕೆ ಸೇರುತ್ತಾರೆ. ವಿಜಯನಗರದ ಬಸ್ ನಿಲ್ದಾಣದಿಂದ ಪಾದರಾಯನಪುರಕ್ಕೆ ನಡೆದುಕೊಂಡೇ ಹೋಗಬಹುದು, ಆದರೂ ಎರಡೂ ಕಡೆಯ ಮಕ್ಕಳು ಪರಸ್ಪರರ ಮನೆಯೊಳಗನ್ನು ಕಾಣದೆಯೇ ಬೆಳೆಯುತ್ತಾರೆ. ಅನಂತರ ‘ಇವರೆಲ್ಲ ಒಂದೇ ಕಡೆ ಗುಂಪು ಸೇರುತ್ತಾರೆ, ಬೆರೆಯುವುದಿಲ್ಲ’ ಎಂಬ ಆರೋಪ ಬೇರೆ!

ಮುಸ್ಲಿಂ ಮಾಲೀಕರಿಗೂ ಈ ಮಾತು ಅನ್ವಯಿಸುತ್ತದೆ. ತಲಾಖ್ ಆದ ಹೆಣ್ಣುಮಗಳಿಗೆ, ಒಂಟಿ ಹುಡುಗರಿಗೆ ಮನೆ ಕೊಡದವರು ಮೊಹಲ್ಲಾಗಳಲ್ಲಿಯೂ ಇದ್ದಾರೆ. ‘ನಮ್ಮವರಿಗೆ ಮಾತ್ರ’ ಎನ್ನುವವರೂ ಇದ್ದಾರೆ. ನೆರೆಯವನ ಹಕ್ಕಿನ ಬಗ್ಗೆ ಜಿಬ್ರೀಲ್ ಎಷ್ಟು ಒತ್ತಿ ಹೇಳಿದರೆಂದರೆ ಅವನಿಗೆ ಆಸ್ತಿಯಲ್ಲಿಯೂ ಪಾಲು ಕೊಡಿಸುವರೇನೋ ಎಂದು ಪ್ರವಾದಿಯವರಿಗೆ ಅನಿಸಿತ್ತಂತೆ. ಆ ನೆರೆಯವನ ಧರ್ಮ ಯಾವುದೆಂದು ಅಲ್ಲಿ ಹೇಳಿಲ್ಲ.

ಮಾಲೀಕರು ಕೇಳಬಹುದಾದ ಪ್ರಶ್ನೆಗಳು ಬೇಕಷ್ಟಿವೆ. ಕೆಲಸವೇನು, ಸಂಬಳ ಎಷ್ಟು, ಮನೆಯಲ್ಲಿ ಎಷ್ಟು ಜನ, ಹಿಂದಿನ ಮನೆಯನ್ನು ಯಾಕೆ ಬಿಟ್ಟಿರಿ? ಹಿಂದಿನ ಮಾಲೀಕರ ಫೋನ್ ನಂಬರನ್ನೂ ಪಡೆಯಬಹುದು. ಬೆಂಗಳೂರಿನ ಬಾಡಿಗೆ ಕರಾರು ಸಾಮಾನ್ಯವಾಗಿ ಹನ್ನೊಂದು ತಿಂಗಳದ್ದು. ಭಯವಿರುವವರಿಗೆ ಅಷ್ಟು ಕಾಲ ಸಾಕು. ಬಾಡಿಗೆ ಐದನೇ ತಾರೀಕಿನೊಳಗೆ ಬರುತ್ತದೋ, ಸಂಪಿನ ನೀರು ಪೋಲಾಗುತ್ತದೋ, ಮೆಟ್ಟಿಲು ಗುಡಿಸುತ್ತಾರೋ ಇಲ್ಲವೋ ನೋಡಿಕೊಂಡು, ಹನ್ನೆರಡನೇ ತಿಂಗಳು ಕರಾರನ್ನು ಮುಂದುವರಿಸುವುದೋ ಬಿಡುವುದೋ ತೀರ್ಮಾನಿಸಲಿ.