ಕಂಬಿಯಿಲ್ಲದ ಬುನಾದಿ

ಕಾಂಕ್ರೀಟು ಒತ್ತಡವನ್ನು, ಎಂದರೆ ಮೇಲಿನಿಂದ ಅದುಮುವ ಭಾರವನ್ನು, ಕಲ್ಲಿನಂತೆ ತಾಳಿಕೊಂಡರೂ ಎಳೆತಕ್ಕೆ, ಎಂದರೆ ಎರಡು ಕಡೆಗೂ ಜಗ್ಗುವ ಬಲಕ್ಕೆ, ಅದರ ತಾಳಿಕೆ ಸುಮಾರು ಹತ್ತರಲ್ಲೊಂದು ಪಾಲು ಮಾತ್ರವಾದುದರಿಂದ, ಆ ಕೊರತೆಯನ್ನು ತುಂಬಲು ಅದರೊಳಗೆ ಉಕ್ಕಿನ ಕಂಬಿಗಳನ್ನು ಹುದುಗಿಸುತ್ತಾರೆ. ಬಿಸಿಲಿಗೆ ಎರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಿಗ್ಗುತ್ತವೆ. ಸಿಮೆಂಟಿನ ಕ್ಷಾರಗುಣವು ಕಂಬಿಯ ಮೇಲೆ ತೆಳುವಾದ ಪೊರೆಯೊಂದನ್ನು ಕಟ್ಟಿ ತುಕ್ಕನ್ನು ತಡೆಯುತ್ತದೆ. ಆದರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ವರ್ಷಗಟ್ಟಲೆ ಒಳಗಿಳಿದು ಆ ಕ್ಷಾರವನ್ನು ಕುಗ್ಗಿಸಿದಾಗ, ಇಲ್ಲವೇ ಕಡಲ ಉಪ್ಪು ಸೇರಿದಾಗ, ಪೊರೆ ಹರಿಯುತ್ತದೆ, ಕಂಬಿ ತುಕ್ಕು ಹಿಡಿಯುತ್ತದೆ, ತುಕ್ಕು ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಳಗಿನಿಂದಲೇ ಸೀಳುತ್ತದೆ. ಬಲ ಕೊಟ್ಟದ್ದೇ ಅಳಿವಿಗೂ ಕಾರಣವಾಗುವುದಾದರೆ, ದೇವರಿಗೆ ಕಟ್ಟುವ ಮನೆಯಲ್ಲಿ ಅದಕ್ಕೆ ಎಡೆಯಿರಬೇಕೆ?

ಹವಾಯಿಯ ಕವಾಯ್ ದ್ವೀಪದ ಶೈವ ಮಠವು ಈ ಪ್ರಶ್ನೆಗೆ ಬುನಾದಿಯಲ್ಲೇ ಉತ್ತರ ಕೊಟ್ಟಿತು. ಸದ್ಗುರು ಶಿವಾಯ ಸುಬ್ರಮುನಿಯಸ್ವಾಮಿ ಸಂಕಲ್ಪಿಸಿದ ಅಲ್ಲಿನ ಇರೈವನ್ ದೇವಾಲಯ 1000 ವರ್ಷ ನಿಲ್ಲಬೇಕಾಗಿತ್ತು. ಅದರ ಗ್ರಾನೈಟ್ ಕಲ್ಲುಗಳನ್ನು ಬೆಂಗಳೂರಿನ ಬಳಿ ಶಿಲ್ಪಿಗಳು ಕೈಯಿಂದ ಕೆತ್ತಿ ಕಳಿಸಿದರು. 1999ರಲ್ಲಿ ಬರ್ಕ್ಲಿಯ ಪ್ರಾಧ್ಯಾಪಕ ಪಿ. ಕುಮಾರ್ ಮೆಹ್ತಾ ಅವರ ಮಾರ್ಗದರ್ಶನದಲ್ಲಿ, ಸಿಮೆಂಟಿನ ಅರ್ಧಕ್ಕಿಂತ ಹೆಚ್ಚು ಪಾಲಿನ ಬದಲಿಗೆ ಹಾರುಬೂದಿಯನ್ನು, ಎಂದರೆ ಕಲ್ಲಿದ್ದಲ ಹೊಗೆಯಿಂದ ಹಿಡಿದ ನುಣ್ಣನೆಯ ಬೂದಿಯನ್ನು, ಬೆರೆಸಿ, ಗಟ್ಟಿಯಾಗುವಾಗ ಏಳುವ ಕಾವನ್ನು ತಗ್ಗಿಸಿ, ಅದರಿಂದಾಗುವ ಬಿರುಕನ್ನು ತಪ್ಪಿಸಿ, 36 ಮೀಟರ್ ಉದ್ದ, 17 ಮೀಟರ್ ಅಗಲದ ಬುನಾದಿಯನ್ನು ಒಂದು ಕಂಬಿಯೂ ಇಲ್ಲದೆ ಎರಡು ಪದರಗಳಲ್ಲಿ ಎರೆಯಲಾಯಿತು.

ಇದನ್ನು ಕಬ್ಬಿಣ ಮೈಲಿಗೆಯೆಂಬ ನಂಬಿಕೆಯ ಗೆಲುವೆಂದು ತಿಳಿಯುವುದು ತಪ್ಪು, ಏಕೆಂದರೆ ಆ ಕಲ್ಲನ್ನು ಕಡೆದ ಉಳಿಯೂ ಲೋಹದ್ದೇ. ಇಲ್ಲಿರುವುದು ಶುದ್ಧಿಯಲ್ಲ, ತ್ಯಾಗ: ಕಂಬಿಯನ್ನು ಬಿಟ್ಟವರು ಅದು ಸಾಧ್ಯವಾಗಿಸುವ ಚಾಚು ಚಜ್ಜಾವನ್ನೂ ಕಂಬವಿಲ್ಲದ ವಿಶಾಲ ಸಭಾಂಗಣವನ್ನೂ ಬಿಟ್ಟು, ಭಾರವನ್ನು ನೇರವಾಗಿ ನೆಲಕ್ಕಿಳಿಸುವ ರೂಪಗಳನ್ನಷ್ಟೇ ಒಪ್ಪಿಕೊಳ್ಳಬೇಕಾಗುತ್ತದೆ. ಆದರೂ 12ನೆಯ ಶತಮಾನದ ಶರಣರು ಸ್ಥಾವರವನ್ನು, ಎಂದರೆ ನೆಟ್ಟು ನಿಂತ ಗುಡಿಯನ್ನು, ಜಂಗಮಕ್ಕಿಂತ, ಎಂದರೆ ಚಲಿಸುವ ಚೈತನ್ಯಕ್ಕಿಂತ, ಕೆಳಗಿಟ್ಟದ್ದು ಅದು ಅಳಿಯುತ್ತದೆಂಬ ಕಾರಣಕ್ಕಾಗಿ. ಆ ಆಕ್ಷೇಪಕ್ಕೆ 1000 ವರ್ಷದ ಬಾಳಿಕೆಯೂ ಉತ್ತರವಾಗದು, ದೀರ್ಘವಾದದ್ದು ನಿತ್ಯವಾಗಬೇಕಿಲ್ಲ. ಈ ಬುನಾದಿಯ ಧಾರ್ಮಿಕ ಮೌಲ್ಯವಿರುವುದು ಬೇರೆಡೆ: ತಾವು ನೋಡಲಾರದ ತಲೆಮಾರುಗಳ ಹೊಣೆಯನ್ನು ಕಟ್ಟಿದವರು ತಮ್ಮ ಮೇಲೆ ಹೊತ್ತುಕೊಂಡದ್ದರಲ್ಲಿ. ಗುಡಿಯನ್ನು ಸಂಕಲ್ಪಿಸಿದ ಗುರು 2001ರಲ್ಲಿ ತೀರಿಕೊಂಡರು. ಅದರ ಪ್ರತಿಷ್ಠೆ ನಡೆದದ್ದು 2023ರಲ್ಲಿ.