ಮೂರು ವರ್ಷದ ಭಾನುವಾರಗಳು

ಕಳೆದ ತಿಂಗಳು ನನ್ನ ಪ್ರಬಂಧದ ಮೂರನೇ ಅಧ್ಯಾಯ ಗೈಡ್ ಕೈಯಿಂದ ವಾಪಸು ಬಂತು. ಹಿರಿಯ ಸಂಶೋಧಕರೊಬ್ಬರ ನಿಲುವಿನ ಬಗ್ಗೆ ‘ಈ ವಾದ ನಿಲ್ಲುವುದಿಲ್ಲ’ ಎಂದು ನಾನು ಬರೆದಿದ್ದೆ. ಪಕ್ಕದಲ್ಲಿ ಕೆಂಪು ಶಾಯಿಯ ಒಂದೇ ಮಾತು: ‘ತೋರಿಸಿ.’ ಅವರ ವಾದವನ್ನು ಒಪ್ಪಿಕೊಂಡು ಹೊರಟರೆ ಕೊನೆಗೆ ಅಸಂಗತವಾದಲ್ಲಿಗೆ ಮುಟ್ಟುತ್ತೇವೆ ಎಂದು ವಿವರಿಸಿದ್ದೆನಲ್ಲ, ಇನ್ನೇನು ಬೇಕು ಎಂದು ಸಿಟ್ಟು ಬಂತು. ಆ ಸಿಟ್ಟಿನಲ್ಲಿ ನೆನಪಾದದ್ದು ಒಂದು ಸಂಖ್ಯೆ: 147573952589676412927.

ಅರವತ್ತೇಳು ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ ಒಂದು ಕಳೆದರೆ ಇದು ಸಿಗುತ್ತದೆ. 1644ರಲ್ಲಿ ಫ್ರಾನ್ಸಿನ ಪಾದ್ರಿ ಮರ್ಸೆನ್ ಇದನ್ನು ಅವಿಭಾಜ್ಯ ಸಂಖ್ಯೆಗಳ ಸಾಲಿಗೆ ಸೇರಿಸಿದ. 1876ರಲ್ಲಿ ಲ್ಯೂಕಾ ಅದು ಅವಿಭಾಜ್ಯವಲ್ಲ ಎಂದು ಕಂಡುಕೊಂಡ. ಆದರೆ ಯಾವ ಸಂಖ್ಯೆಯಿಂದ ಭಾಗವಾಗುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ. ಅವನ ಪರೀಕ್ಷೆ ಅಪವರ್ತನಗಳನ್ನು ಹುಡುಕದೆಯೇ ತೀರ್ಪು ಕೊಡುವಂಥದು.

1903ರ ಅಕ್ಟೋಬರಿನಲ್ಲಿ ಅಮೆರಿಕದ ಗಣಿತ ಸಂಘದ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಎದ್ದು ನಿಂತ. ಇ. ಟಿ. ಬೆಲ್ ಹೇಳುವ ಕಥೆಯಂತೆ, ಒಂದೂ ಮಾತಾಡದೆ ಹಲಗೆಯ ಒಂದು ಬದಿ ಮರ್ಸೆನ್ನನ ಸಂಖ್ಯೆಯನ್ನು ಲೆಕ್ಕಹಾಕಿದ. ಇನ್ನೊಂದು ಬದಿ 193707721 ಮತ್ತು 761838257287ನ್ನು ಗುಣಿಸಿದ. ಎರಡೂ ಒಂದೇ. ಹೋಗಿ ಕುಳಿತ. ಇದಕ್ಕೆ ಮೂರು ವರ್ಷದ ಭಾನುವಾರಗಳು ಹಿಡಿದವು ಎಂದು ಮುಂದೊಮ್ಮೆ ಹೇಳಿದನಂತೆ. ಈ ಸಂಖ್ಯೆಯ ಯಾವ ಅಪವರ್ತನದಲ್ಲಿ ಒಂದು ಕಳೆದರೂ ಉಳಿದದ್ದು 134ರಿಂದ ಭಾಗವಾಗಲೇಬೇಕು. ಈ ಜರಡಿ ಹಿಡಿದರೂ ಚಿಕ್ಕ ಅಪವರ್ತನಕ್ಕೆ ಮುಂಚೆ ಹದಿನಾಲ್ಕು ಲಕ್ಷಕ್ಕೂ ಹೆಚ್ಚು ಸಂಖ್ಯೆಗಳು ಉಳಿಯುತ್ತವೆ. ಕೋಲ್ ಇನ್ನೂ ಸೂಕ್ಷ್ಮವಾದ ಜರಡಿಗಳನ್ನು ಕಟ್ಟಿಕೊಂಡ.

ಆಗಲೇ ಗೊತ್ತಿದ್ದ ವಿಷಯಕ್ಕೆ ಇಷ್ಟು ಭಾನುವಾರ ಯಾಕೆ? ಲ್ಯೂಕಾ ಹೇಳಿದ್ದೇನೂ ಅರೆಸತ್ಯವಲ್ಲ. ಆದರೆ ಅವನನ್ನು ಒಪ್ಪಲು ಅವನ ಸಿದ್ಧಾಂತ ತಿಳಿದಿರಬೇಕು. ಕೋಲ್‌ನನ್ನು ಒಪ್ಪಲು ಶಾಲೆಯ ಹುಡುಗಿಗೆ ಬರುವ ಗುಣಾಕಾರ ಸಾಕು. ಮರ್ಸೆನ್ನನ ಕಟ್ಟಾ ಅಭಿಮಾನಿಯೂ ಕಾಗದ ಪೆನ್ಸಿಲು ಹಿಡಿದು ತಾನೇ ನೋಡಿಕೊಳ್ಳಬಹುದು. ಒಬ್ಬರ ಮಾತು ತಪ್ಪು ಎನ್ನುವವರ ಮೇಲೆ ಇಂಥದೊಂದು ಋಣ ಇದೆ ಅನ್ನಿಸುತ್ತದೆ: ತಪ್ಪನ್ನು ಅವರೇ ಮುಟ್ಟಿ ನೋಡುವ ಹಾಗೆ ಅವರ ಕೈಗೆ ಕೊಡಬೇಕು.

ಹಾಗೆಂದು ಕೊಡಲಾಗುವ ತನಕ ಬಾಯಿ ಮುಚ್ಚಿಕೊಂಡಿರಬೇಕೆ? ಹಾಗಾಗಿದ್ದರೆ ಲ್ಯೂಕಾ ಸುಮ್ಮನಿರಬೇಕಿತ್ತು, ಇಪ್ಪತ್ತೇಳು ವರ್ಷ ಒಂದು ತಪ್ಪು ಸರಿಯೆಂದೇ ಓಡಾಡುತ್ತಿತ್ತು. ಅಲ್ಲದೆ, ಅಪವರ್ತನಗಳು ಇವೆ ಎಂದು ಖಚಿತವಾಗಿ ಗೊತ್ತಿಲ್ಲದೆ ಯಾರು ಮೂರು ವರ್ಷ ಹುಡುಕಿಯಾರು? ಹೇಳುವ ಹಕ್ಕು ಲ್ಯೂಕಾನಿಗಿತ್ತು. ಹೇಳಿದ ಮಾತ್ರಕ್ಕೆ ಋಣ ತೀರುವುದಿಲ್ಲ, ಅಷ್ಟೆ.

ನಾನು ಆ ವಾಕ್ಯ ಅಳಿಸಲಿಲ್ಲ. ಅದರ ಕೆಳಗೆ, ಹಿರಿಯರು ಯಾವ ಹೆಜ್ಜೆಯಲ್ಲಿ ತಪ್ಪಿದರು ಎಂಬುದು ನನಗಿನ್ನೂ ಸಿಕ್ಕಿಲ್ಲ ಎಂದು ಸೇರಿಸಿದೆ. ಬರೆಯುವಾಗ ನಾಚಿಕೆಯಾಯಿತು. ಈಗ ಭಾನುವಾರಗಳಂದು ಅವರ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದುತ್ತಿದ್ದೇನೆ.